ಓದುಗರ ಪ್ರಶ್ನೆ: ಮೂರು ದಿನವಾದರೂ ಮುಗಿಯದ ಲೆಕ್ಕ

ಪ್ರಶ್ನೆ: ಮಾನ್ಯರೇ, ನಾನು ಗಣಿತದ ಎಂ.ಎಸ್ಸಿ. ವಿದ್ಯಾರ್ಥಿನಿ. 60 ಬಿಟ್ ಉದ್ದದ, 30 ಆಯಾಮದ ದ್ವಿಮಾನ ರೇಖೀಯ ಕೋಡ್ ಒಂದರ ಕನಿಷ್ಠ ದೂರವನ್ನು ಕಂಡುಹಿಡಿಯಲು ಸೇಜ್‌ಮ್ಯಾಥ್ ಎಂಬ ಉಚಿತ ಗಣಿತ ತಂತ್ರಾಂಶದಲ್ಲಿ ನಾನೇ ಬರೆದ ಪ್ರೋಗ್ರಾಂ ಮೂರು ದಿನಗಳಿಂದ ಓಡುತ್ತಲೇ ಇದೆ. ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶವಿಲ್ಲದೆ ಇದು ಸಾಧ್ಯವಿಲ್ಲವೇ? ಉತ್ತರ ಬಂದರೂ ಅದನ್ನು ನಂಬುವುದು ಹೇಗೆ?

ಉತ್ತರ: ನಿಮ್ಮ ಲೆಕ್ಕ ನಿಧಾನವಾಗಿರುವುದಕ್ಕೆ ತಂತ್ರಾಂಶ ಉಚಿತವಾಗಿರುವುದು ಕಾರಣವಲ್ಲ. ನೀವು ಆರಿಸಿಕೊಂಡ ದಾರಿಯೇ ಉದ್ದವಾಗಿದೆ. ದ್ವಿಮಾನ ರೇಖೀಯ ಕೋಡ್ ಎಂದರೆ ಯಾವ ಎರಡನ್ನು ಕೂಡಿಸಿದರೂ ಒಳಗೇ ಉಳಿಯುವ 0–1ರ ಪದಗಳ ಗಣ. ಎರಡು ಪದಗಳು ಕಡೇಪಕ್ಷ ಎಷ್ಟು ಸ್ಥಾನಗಳಲ್ಲಿ ಬೇರೆಯಾಗುತ್ತವೆ ಎಂಬುದೇ ಕನಿಷ್ಠ ದೂರ, ಇದು ಸೊನ್ನೆಯಲ್ಲದ ಪದಗಳಲ್ಲಿ ಅತಿ ಹಗುರವಾದದ್ದರ ತೂಕಕ್ಕೆ, ಅಂದರೆ ಅದರಲ್ಲಿರುವ 1ಗಳ ಸಂಖ್ಯೆಗೆ ಸಮ. ನಿಮ್ಮ ಕೋಡ್‌ನಲ್ಲಿರುವ ಪದಗಳ ಸಂಖ್ಯೆ 2ರ 30ನೇ ಘಾತ, ಅಂದರೆ ಸುಮಾರು 107 ಕೋಟಿ. ಒಂದೊಂದು ಪದಕ್ಕೂ ಮಾತೃಕೆಯ ಗುಣಾಕಾರ ಮಾಡಿ ತೂಕ ಎಣಿಸಲು ಪೈಥಾನ್‌ಗೆ ಒಂದು ಮಿಲಿಸೆಕೆಂಡ್ ಹಿಡಿದರೂ ಒಟ್ಟು ಹನ್ನೆರಡು ದಿನಕ್ಕಿಂತ ಹೆಚ್ಚು ಬೇಕು. ಆದ್ದರಿಂದ ಮೂರು ದಿನಕ್ಕೆ ಗಾಬರಿಯಾಗಬೇಕಾಗಿಲ್ಲ, ಆದರೆ ಕಾಯುತ್ತ ಕೂರಬೇಕಾಗಿಯೂ ಇಲ್ಲ.

ಮೊದಲ ಸುಧಾರಣೆ ಪದಗಳನ್ನು ಕೂಡಿಡುವ ರೀತಿಯಲ್ಲಿದೆ. 60 ಬಿಟ್‌ಗಳ ಪದವನ್ನು 60 ಅಂಶಗಳ ಪಟ್ಟಿಯಾಗಿ ಇಡುವ ಬದಲು ಒಂದೇ 64 ಬಿಟ್ ಪೂರ್ಣಾಂಕದಲ್ಲಿ ತುಂಬಿಟ್ಟರೆ ಎರಡು ಪದಗಳ ಸಂಕಲನ ಒಂದೇ ಎಕ್ಸ್‌ಆರ್ ಕ್ರಿಯೆಯಾಗುತ್ತದೆ (ಬಿಟ್‌ಗಳು ಬೇರೆಯಾಗಿರುವಲ್ಲಿ ಅದು 1 ಕೊಡುತ್ತದೆ), ತೂಕವನ್ನು ಎಣಿಸಲು ಇಂದಿನ ಪ್ರೊಸೆಸರ್‌ಗಳಲ್ಲಿ ಪ್ರತ್ಯೇಕ ಆದೇಶವೇ ಇದೆ. ಇದರ ಜೊತೆಗೆ ಪದಗಳನ್ನು ಗ್ರೇ ಕೋಡ್‌ನ ಕ್ರಮದಲ್ಲಿ (ಹೆಜ್ಜೆಗೆ ಒಂದೇ ಆಯ್ಕೆ ಬದಲಾಗುವ ಕ್ರಮ) ದಾಟುತ್ತ ಹೋದರೆ ಪ್ರತಿ ಹೆಜ್ಜೆಗೂ ಜನಕ ಮಾತೃಕೆಯ (ಇದರ 30 ಸಾಲುಗಳಲ್ಲಿ ಬೇಕಾದವನ್ನು ಕೂಡಿಸಿದರೆ ಎಲ್ಲ ಪದಗಳೂ ಸಿಗುತ್ತವೆ) ಒಂದೇ ಅಡ್ಡಸಾಲನ್ನು ಕೂಡಿಸಿದರೆ ಸಾಕು. ಒಳಗಿನ ಲೂಪನ್ನು ಸೈಥಾನ್ (ಪೈಥಾನ್‌ನಂಥ ಬರಹವನ್ನು ಸಿ ಭಾಷೆಗೆ ತಿರುಗಿಸುವ ಸಾಧನ) ಅಥವಾ ಸಿ ಭಾಷೆಯಲ್ಲಿ ಬರೆದರೆ, ಆ 107 ಕೋಟಿ ಪದಗಳನ್ನೂ ಸಾಧಾರಣ ಲ್ಯಾಪ್‌ಟಾಪ್ ಕೆಲವು ಸೆಕೆಂಡುಗಳಲ್ಲಿ ಮುಗಿಸುತ್ತದೆ.

ಇಷ್ಟಕ್ಕೇ ತೃಪ್ತರಾಗಬೇಡಿ, ಏಕೆಂದರೆ ಆಯಾಮ 50 ಆದರೆ ಈ ಜಾಣತನವೂ ಸೋಲುತ್ತದೆ. ನಿಜವಾದ ಗಳಿಕೆ ಬ್ರೌವರ್–ಝಿಮ್ಮರ್‌ಮನ್ ಅಲ್ಗಾರಿದಮ್‌ನಲ್ಲಿದೆ. ನಿಮ್ಮ ಕೋಡ್‌ನ 60 ಸ್ಥಾನಗಳು 30–30ರ ಎರಡು ಮಾಹಿತಿ ಗಣಗಳಾಗಿ (ಆ 30 ಸ್ಥಾನಗಳ ಬಿಟ್‌ಗಳು ಗೊತ್ತಾದರೆ ಇಡೀ ಪದ ಗೊತ್ತಾಗುತ್ತದೆ) ಒಡೆಯುತ್ತವೆ ಎಂದುಕೊಳ್ಳೋಣ. ಎರಡಕ್ಕೂ, ಪ್ರತಿ ಸಾಲಿಗೂ ಆ ಗಣದೊಳಗೆ ಒಂದೇ 1, ಅದೂ ಬೇರೆಬೇರೆ ಸ್ಥಾನದಲ್ಲಿ ಇರುವಂತೆ ಒಂದೊಂದು ಜನಕ ಮಾತೃಕೆ ಬರೆದು, ಪ್ರತಿಯೊಂದರಲ್ಲೂ ಒಂದು, ಎರಡು, ಮೂರು ಹೀಗೆ ಐದರವರೆಗೆ ಸಾಲುಗಳನ್ನು ಕೂಡಿಸಿ ನೋಡಿದಿರಿ ಎಂದಾದರೆ, ಇನ್ನೂ ಕಣ್ಣಿಗೆ ಬೀಳದ ಪದಕ್ಕೆ ಎರಡೂ ಗಣಗಳಲ್ಲಿ ಕನಿಷ್ಠ ಆರಾರು ತೂಕ ಇರಲೇಬೇಕು, ಅಂದರೆ ಒಟ್ಟು 12. ಅಷ್ಟರೊಳಗೆ ತೂಕ 12ರ ಪದವೊಂದು ಸಿಕ್ಕಿದ್ದು, ಅದಕ್ಕಿಂತ ಹಗುರವಾದದ್ದು ಸಿಗದಿದ್ದರೆ ಕೆಲಸ ಮುಗಿಯಿತು. ನೋಡಿದ ಪದಗಳೆಷ್ಟು? ಎರಡೂ ಸೇರಿ 3,48,872. ಯಂತ್ರವನ್ನು ಬದಲಿಸಿ ಇಂಥ ಉಳಿತಾಯ ಮಾಡಲಾಗದು. ಹಾಗೆಂದು ಈ ವಿಧಾನ ಎಲ್ಲ ಕೋಡ್‌ಗಳನ್ನೂ ಗೆಲ್ಲುವುದಿಲ್ಲ: ಕನಿಷ್ಠ ದೂರದ ಲೆಕ್ಕ ಸಾಮಾನ್ಯವಾಗಿ ಎನ್‌ಪಿ-ಕಠಿಣ (ಎಲ್ಲ ಸಂದರ್ಭಗಳಿಗೂ ಒದಗುವ ವೇಗದ ವಿಧಾನ ಯಾರಿಗೂ ಗೊತ್ತಿಲ್ಲದ ಬಗೆಯದು) ಎಂದು ಅಲೆಕ್ಸಾಂಡರ್ ವಾರ್ಡಿ 1997ರಲ್ಲಿ ಸಾಧಿಸಿದ್ದಾರೆ.

ಈಗ ನಂಬಿಕೆಯ ಮಾತು. ಇಲ್ಲಿ ಒಂದು ಅಸಮಾನತೆಯಿದೆ, ಅದನ್ನು ಹೊಸಬರು ಗಮನಿಸುವುದೇ ಇಲ್ಲ. ತಂತ್ರಾಂಶ ‘ದೂರ 12’ ಎಂದಾಗ ತೂಕ 12ರ ಪದವನ್ನು ತೋರಿಸು ಎಂದು ಕೇಳಬಹುದು, ಅದನ್ನು ಪೆನ್ನು ಹಿಡಿದೂ ಪರೀಕ್ಷಿಸಬಹುದು. ಆದರೆ 11ರ ಪದ ಇಲ್ಲವೇ ಇಲ್ಲ ಎಂಬುದಕ್ಕೆ ಅಂಥ ಸುಲಭದ ಸಾಕ್ಷಿಯಿಲ್ಲ, ಲೂಪ್ ಒಂದು ಸುತ್ತು ಮೊದಲೇ ನಿಂತಿದ್ದರೂ ಉತ್ತರ ಅಷ್ಟೇ ಗಂಭೀರವಾಗಿ ಕಾಣಿಸುತ್ತದೆ. ಆದ್ದರಿಂದ ಉತ್ತರ ಗೊತ್ತಿರುವ ಕೋಡ್‌ಗಳ ಮೇಲೆ ಪ್ರೋಗ್ರಾಂ ಅನ್ನು ಮೊದಲು ಓಡಿಸಿ. 24 ಉದ್ದದ ಗೋಲೇ ಕೋಡ್‌ನಲ್ಲಿ ತೂಕ 0, 8, 12, 16, 24ರ ಪದಗಳು ಕ್ರಮವಾಗಿ 1, 759, 2576, 759, 1 ಬರಬೇಕು, ಒಟ್ಟು 4096. ತೂಕಗಳ ಪೂರ್ಣ ಹಂಚಿಕೆ ನಿಮ್ಮಲ್ಲಿದ್ದರೆ ಮ್ಯಾಕ್‌ವಿಲಿಯಮ್ಸ್ ಸೂತ್ರದಿಂದ ದ್ವಂದ್ವ ಕೋಡ್‌ನ (ಮೂಲ ಕೋಡ್‌ನ ಎಲ್ಲ ಪದಗಳಿಗೂ ಲಂಬವಾಗಿರುವ ಪದಗಳ ಕೋಡ್) ಹಂಚಿಕೆಯನ್ನು ಪಡೆಯಿರಿ. ಅಲ್ಲಿ ಭಿನ್ನರಾಶಿಯೋ ಋಣಸಂಖ್ಯೆಯೋ ಕಾಣಿಸಿಕೊಂಡರೆ ಎಣಿಕೆ ತಪ್ಪಿದೆ ಎಂದೇ ಅರ್ಥ. ಇನ್ನು ಗ್ಯಾಪ್ ಎಂಬ ಇನ್ನೊಂದು ಉಚಿತ ಬೀಜಗಣಿತ ತಂತ್ರಾಂಶದಲ್ಲಿ ಕೋಡ್‌ಗಳಿಗಾಗಿಯೇ ಇರುವ ಗ್ವಾವ ಪ್ಯಾಕೇಜಿನಲ್ಲೂ ಅದೇ ಲೆಕ್ಕ ಮಾಡಿ ಹೋಲಿಸಬಹುದು. ಆದರೆ ಸೇಜ್‌ನ ಕೆಲವು ಆದೇಶಗಳು ಒಳಗೊಳಗೇ ಗ್ಯಾಪ್ ಅನ್ನು ಕರೆಯುತ್ತವೆ. ಹಾಗಿದ್ದಾಗ ಎರಡು ಕಡೆ ಒಂದೇ ಉತ್ತರ ಬಂದರೂ ಅದು ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕೇಳಿದಂತೆ.

ಪ್ರಶ್ನೆ: ನಾನು ತಂತ್ರಾಂಶ ಉದ್ಯೋಗಿ, ಇಂಥ ಮುಕ್ತ ತಂತ್ರಾಂಶವೊಂದಕ್ಕೆ ವೇಗ ಕೊಡುವ ಕೆಲಸ ಮಾಡುವ ಆಸೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಪ್ರೊಫೈಲರ್‌ನಿಂದ, ಅಂದರೆ ಪ್ರೋಗ್ರಾಂನ ಯಾವ ಭಾಗ ಎಷ್ಟು ಸಮಯ ತಿನ್ನುತ್ತದೆಂದು ಅಳೆಯುವ ಸಾಧನದಿಂದ. ಎಲ್ಲಿ ಸಮಯ ವ್ಯಯವಾಗುತ್ತಿದೆ ಎಂಬ ಊಹೆ ಅನುಭವಿಗಳದ್ದೂ ತಪ್ಪುತ್ತದೆ. ರೀಡ್–ಸಾಲೊಮನ್ ಕೋಡ್‌ಗಳಲ್ಲಿ ದೋಷ ತಿದ್ದುವ ಡಿಕೋಡಿಂಗ್ ಅಲ್ಗಾರಿದಮ್‌ಗಿಂತ ಪರಿಮಿತ ಕ್ಷೇತ್ರದ (ಕೂಡಿ, ಕಳೆದು, ಗುಣಿಸಿ, ಭಾಗಿಸಬಹುದಾದ ಸೀಮಿತ ಸಂಖ್ಯೆಯ ಅಂಶಗಳ ಗಣ) ಅಂಶಗಳನ್ನು ವಸ್ತುಗಳಾಗಿ ಸೃಷ್ಟಿಸುವುದೇ ಹೆಚ್ಚು ದುಬಾರಿಯಾಗಿರಬಹುದು, 256 ಅಂಶಗಳ ಕ್ಷೇತ್ರಕ್ಕೆ ಲಾಗರಿದಮ್ ಕೋಷ್ಟಕ ಇಟ್ಟುಕೊಂಡರೆ ಗುಣಾಕಾರ ಬರೀ ಹುಡುಕಾಟವಾಗುತ್ತದೆ. ಡಿಕೋಡರ್ ಅನ್ನು ಮುಟ್ಟಿದರೆ ದೋಷಗಳ ಸಂಖ್ಯೆ ಸರಿಯಾಗಿ ಮಿತಿಯಷ್ಟೇ ಇರುವ ಸಂದರ್ಭವನ್ನು ಪರೀಕ್ಷಿಸಿ: 255 ಉದ್ದ, 223 ಆಯಾಮದ ಕೋಡ್‌ನಲ್ಲಿ ಅದು 16. ಹದಿನಾರಕ್ಕೂ ಮೂಲ ಪದ ಮರಳಬೇಕು, ಹದಿನೇಳಕ್ಕೆ ಪ್ರೋಗ್ರಾಂ ಸೋಲನ್ನು ಒಪ್ಪಿಕೊಳ್ಳಬಹುದು, ಅಪರೂಪಕ್ಕೆ ಬೇರೊಂದು ಕೋಡ್ ಪದವನ್ನೂ ಕೊಡಬಹುದು, ಆದರೆ ಕೋಡ್‌ನಲ್ಲೇ ಇಲ್ಲದ ಪದವನ್ನು ಮಾತ್ರ ಕೊಡಕೂಡದು.

ಹಳೆಯ ನಿಧಾನದ ಪ್ರೋಗ್ರಾಂ ಅನ್ನು ದಯವಿಟ್ಟು ಅಳಿಸಬೇಡಿ. ಸಣ್ಣ ಯಾದೃಚ್ಛಿಕ ಕೋಡ್‌ಗಳ ಮೇಲೆ ಹೊಸದನ್ನು ಅದರೊಂದಿಗೆ ಹೋಲಿಸುತ್ತಿರಿ, ಆಯಾಮ ಸೊನ್ನೆ ಇರುವ ಕೋಡನ್ನೂ ಸೇರಿಸಿ. ಬಿಟ್‌ಗಳನ್ನು ಪೂರ್ಣಾಂಕದಲ್ಲಿ ತುಂಬಿದ್ದರೆ 63, 64, 65 ಉದ್ದಗಳನ್ನು ಬಿಡಲೇಬೇಡಿ, ಏಕೆಂದರೆ ಸಿ ಭಾಷೆಯಲ್ಲಿ 64 ಬಿಟ್ ಸಂಖ್ಯೆಯನ್ನು 64 ಸ್ಥಾನ ಸರಿಸಿದರೆ ಏನಾಗಬೇಕೆಂದು ಭಾಷೆಯೇ ನಿಗದಿಪಡಿಸಿಲ್ಲ, ನಿಮ್ಮ ಯಂತ್ರದಲ್ಲಿ ಸರಿಬಂದ ಉತ್ತರ ಇನ್ನೊಬ್ಬರ ಯಂತ್ರದಲ್ಲಿ ಸದ್ದಿಲ್ಲದೆ ತಪ್ಪಬಹುದು.