20 ವರ್ಷ ಹಳೆಯ ಬಿಎಂಡಬ್ಲ್ಯೂ ಎಂ3: ಕೊಳ್ಳಬಹುದೇ, ಸಾಕಬಹುದೇ?

ಪ್ರಶ್ನೆ: ನಾನು ಮೈಸೂರಿನವನು, ಕೆಲಸದ ಮೇಲೆ ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿ 2004ರ ಬಿಎಂಡಬ್ಲ್ಯೂ ಎಂ3 (ಇ46 ಎಂಬ ತಲೆಮಾರಿನದು) ಒಂದು ಮಾರಾಟಕ್ಕಿದೆ. ಮ್ಯಾನುಯಲ್ ಗೇರು, 1.6 ಲಕ್ಷ ಕಿ.ಮೀ. ಓಡಿದೆ, ಬೆಲೆ 30 ಸಾವಿರ ಯೂರೋ. ಕಾಲೇಜಿನ ದಿನಗಳಿಂದ ಈ ಕಾರಿನ ಮೇಲೆ ಆಸೆ. ಗೆಳೆಯರು ಮಾತ್ರ "ಬೇಡ, ಸಂಬಳವೆಲ್ಲ ಗ್ಯಾರೇಜಿಗೆ ಸುರೀಬೇಕಾಗುತ್ತೆ" ಅನ್ನುತ್ತಾರೆ. ಇಷ್ಟು ಹಳೆಯ ಗಾಡಿಯನ್ನು ನಂಬಬಹುದೇ? ವರ್ಷಕ್ಕೆ ಎಷ್ಟು ಖರ್ಚು ಬರುತ್ತದೆ? ಊರಿಗೆ ಮರಳುವಾಗ ಜೊತೆಗೆ ತರಬಹುದೇ?

ಉತ್ತರ: ಇ46 ಎಂ3 ನಂಬಬಹುದಾದ ಕಾರು. ನೀವು ನೋಡಿದ ಈ ಒಂದು ಗಾಡಿಯನ್ನು ನಂಬಬಹುದಾ ಅನ್ನೋದು ಬೇರೆ ಮಾತು. ಅದರ ಹಳೆಯ ಬಿಲ್ಲುಗಳನ್ನು ನೋಡದೆ ಅದನ್ನು ಹೇಳಲಾಗದು.

ಈ ಮಾದರಿ ತಯಾರಾಗಿದ್ದು 2000ರಿಂದ 2006ರವರೆಗೆ. ಇದು ಎಲ್ಲೆಲ್ಲಿ ಕೆಡುತ್ತದೆ ಅನ್ನೋದು ಇಷ್ಟು ಹೊತ್ತಿಗೆ ಇದನ್ನು ಬಲ್ಲ ಮೆಕ್ಯಾನಿಕ್‌ಗಳಿಗೆಲ್ಲ ಬಾಯಿಪಾಠ. ಹಾಗಾಗಿ ಯಾವಾಗ ಏನು ಕೈ ಕೊಡುತ್ತದೋ ಅಂತ ಸುಮ್ನೆ ಹೆದರಬೇಡಿ. ಆ ಗೊತ್ತಿರುವ ಕೆಲಸಗಳಲ್ಲಿ ಯಾವುದು ಆಗಿದೆ, ಯಾವುದು ಬಾಕಿ ಇದೆ ಎಂದು ಕೇಳಿ. ಬಾಕಿ ಇರುವುದೆಲ್ಲ ನಿಮ್ಮ ತಲೆಗೇ ಬರುತ್ತದೆ. ಬೆಲೆ ಮಾತಾಡುವಾಗ ಅದನ್ನು ಕಳೆದೇ ಮಾತಾಡಿ.

ಮೊದಲು ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸಿ. ಹಿಂದಿನ ಆಕ್ಸಲ್ ಹೊರುವ ಸಬ್‌ಫ್ರೇಮನ್ನು ಕಾರಿನ ತಳದ ತಗಡಿಗೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಎಂಜಿನ್ನಿನ ಎಳೆತವೆಲ್ಲ ಅಲ್ಲಿಗೇ ಬೀಳುವುದರಿಂದ ಬೋಲ್ಟಿನ ಸುತ್ತ ತಗಡು ಬಿರುಕು ಬಿಡುತ್ತದೆ. ಇ46ರ ದೊಡ್ಡ ಕಾಯಿಲೆ ಇದೇ. ಸರಿಪಡಿಸಬೇಕೆಂದರೆ ಸಬ್‌ಫ್ರೇಮ್ ಪೂರ್ತಿ ಇಳಿಸಿ, ಬಿರುಕನ್ನು ವೆಲ್ಡ್ ಮಾಡಿ, ಮೇಲೆ ದಪ್ಪ ತಗಡಿನ ಪಟ್ಟಿ ಬೆಸೆಯಬೇಕು. ಎರಡರಿಂದ ನಾಲ್ಕು ಸಾವಿರ ಯೂರೋ ಇಟ್ಟುಕೊಳ್ಳಿ. ಈ ಕೆಲಸ ಆಗಿದ್ದರೆ ಫೋಟೋ ಸಮೇತ ಬಿಲ್ಲು ಕೇಳಿ. ತಳಕ್ಕೆ ಹೊಸದಾಗಿ ಕಪ್ಪು ಬಳಿದಿದ್ದು, ಫೋಟೋ ಇಲ್ಲ ಅಂದರೆ ನಾನಂತೂ ಮುಂದುವರಿಯುವುದಿಲ್ಲ.

ಇನ್ನು ಇದರ ಎಂಜಿನ್, ಹೆಸರು ಎಸ್54. 3.2 ಲೀಟರ್, ಆರು ಸಿಲಿಂಡರ್, 343 ಅಶ್ವಶಕ್ತಿ, ನಿಮಿಷಕ್ಕೆ 8,000 ಸುತ್ತು. ಇಷ್ಟು ದೊಡ್ಡ ಎಂಜಿನ್ ಇಷ್ಟು ಜೋರಾಗಿ ತಿರುಗಿದರೆ, ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳ ಮೇಲೆ ಭಾರ ಜಾಸ್ತಿ. ಆರಂಭದ ವರ್ಷಗಳ ಅನೇಕ ಗಾಡಿಗಳಿಗೆ ಕಂಪನಿಯೇ ಅವನ್ನು ಬದಲಿಸಿಕೊಟ್ಟಿತ್ತು. ಬೇರಿಂಗ್ ಕೈ ಕೊಟ್ಟರೆ ಎಂಜಿನ್ನೇ ಹೋಗುತ್ತದೆ. ಮುಂಚೆಯೇ ಬದಲಿಸಿದರೆ ಎಂಜಿನ್ ಹೊರಗೆ ತೆಗೆಯಬೇಕಿಲ್ಲ, ಕೆಳಗಿನಿಂದ ಆಯಿಲ್ ಸಂಪ್ ಬಿಚ್ಚಿದರೆ ಸಾಕು. 1.6 ಲಕ್ಷ ಕಿ.ಮೀ. ಆದ ಗಾಡಿಯಲ್ಲಿ ಇದು ಆಗಿರಲೇಬೇಕು, ಇಲ್ಲದಿದ್ದರೆ ಕೊಂಡ ತಕ್ಷಣ ಮಾಡಿಸಿ. ವಾಲ್ವ್‌ಗಳ ಸಮಯ ಬದಲಿಸುವ ವ್ಯಾನೋಸ್ ಒಳಗೂ ಎಕ್ಸಾಸ್ಟ್ ಕಡೆಯ ಹಬ್‌ನ ಸಣ್ಣ ಚಾಚುಗಳು ಮುರಿದು ಎಂಜಿನ್ ಒಳಗೆ ಬೀಳುವುದುಂಟು. ಅದನ್ನೂ ಬಿಚ್ಚಿ ನೋಡಿಸಿ. ವಾಲ್ವ್ ಸಂದು ಇದರಲ್ಲಿ ತಾನಾಗಿ ಸರಿಹೋಗುವುದಿಲ್ಲ, ಆಗಾಗ ಅಳೆದು ಶಿಮ್ (ಸಂದು ಹೊಂದಿಸುವ ತೆಳು ಬಿಲ್ಲೆ) ಬದಲಿಸಬೇಕು. ರೇಡಿಯೇಟರ್, ವಾಟರ್ ಪಂಪ್, ಪ್ಲಾಸ್ಟಿಕ್ ಕೂಲಂಟ್ ಟ್ಯಾಂಕ್ ಹಳತಾಗಿದ್ದರೆ ಒಟ್ಟಿಗೇ ಬದಲಿಸಿ.

ಟ್ರಯಲ್‌ಗೆ ಹೋಗುವಾಗ ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿ. ಇದರ ಆರ್‌ಪಿಎಂ ಮೀಟರಿನಲ್ಲಿ ಸಾಲಾಗಿ ದೀಪಗಳಿವೆ. ಆಯಿಲ್ ಬಿಸಿಯಾದಂತೆ ಒಂದೊಂದೇ ಆರುತ್ತವೆ. ಅವು ಆರುವ ಮೊದಲೇ ಮಾಲೀಕರು ಎಂಜಿನ್ನನ್ನು ಕಿರುಚಿಸಿದರೆ, ಇಷ್ಟು ವರ್ಷ ಗಾಡಿಯನ್ನು ಹೇಗೆ ನೋಡಿಕೊಂಡಿದ್ದಾರೆ ಅಂತ ಗೊತ್ತಾಯಿತಲ್ವಾ? ಬಾಗಿಲು ಮುಚ್ಚಿ, ನಮಸ್ಕಾರ ಹೇಳಿ ಬನ್ನಿ.

ಇದೇ ದುಡ್ಡಿಗೆ ಪೋರ್ಷೆ 911 (996 ತಲೆಮಾರಿನದು) ತೋರಿಸುವವರೂ ಇರುತ್ತಾರೆ. ಒಳ್ಳೆಯ ಕಾರೇ. ಆದರೆ ಅದರ ಸಾಮಾನ್ಯ ಕರೆರಾ ಮಾದರಿಯಲ್ಲಿ ಎಂಜಿನ್ ಒಳಗಿನ ಮಧ್ಯಂತರ ಶಾಫ್ಟಿನ ಬೇರಿಂಗ್ (ಐಎಂಎಸ್ ಬೇರಿಂಗ್) ಹೆಚ್ಚಿನ ಸೂಚನೆ ಕೊಡದೆ ಎಂಜಿನ್ ಮುಗಿಸಬಲ್ಲದು. ನಿಮ್ಮ ಜಾಗದಲ್ಲಿ ನಾನು ಎಂ3ಯನ್ನೇ ಆರಿಸುತ್ತೇನೆ.

ಖರ್ಚಿನ ವಿಷಯ. ಪೂರ್ತಿ 30 ಸಾವಿರವನ್ನೂ ಗಾಡಿಗೇ ಹಾಕಿ ಕೈ ಖಾಲಿ ಮಾಡಿಕೊಳ್ಳಬೇಡಿ. ಮೊದಲ ವರ್ಷಕ್ಕೆ 5 ಸಾವಿರ ಯೂರೋ ಎತ್ತಿಡಿ, ಆಮೇಲೆ ವರ್ಷಕ್ಕೆ ಎರಡರಿಂದ ಮೂರು ಸಾವಿರ. ಅದಕ್ಕಿಂತ ಕಡಿಮೆಯಲ್ಲಿ ಇದನ್ನು ಸಾಕುತ್ತೇನೆ ಅಂದವರು ಕೆಲಸ ಮುಂದೂಡುತ್ತಿರುತ್ತಾರೆ, ಅಷ್ಟೇ. ಪೆಟ್ರೋಲು 100 ಕಿ.ಮೀ.ಗೆ ಸುಮಾರು 12 ಲೀಟರ್. ಎಂಜಿನ್ ಗಾತ್ರದ ಮೇಲೆ ಬೀಳುವ ಜರ್ಮನಿಯ ವಾಹನ ತೆರಿಗೆ ವರ್ಷಕ್ಕೆ ಸುಮಾರು 223 ಯೂರೋ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಸೀಸನ್ ನಂಬರ್ ಪ್ಲೇಟ್ ತೆಗೆದುಕೊಂಡರೆ ತೆರಿಗೆ, ವಿಮೆ ಆ ತಿಂಗಳುಗಳಿಗೆ ಮಾತ್ರ. ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪಿನಿಂದ ತಳವೂ ಉಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಮಾಡಿಸುವ ಕಡ್ಡಾಯ ತಪಾಸಣೆ, ಟಿಯುವಿ, ಪಾಸಾಗಿದೆ ಎಂದು ಮಾರುವವರು ಹೇಳಿದರೆ ಅಷ್ಟಕ್ಕೇ ಸಮಾಧಾನಪಡಬೇಡಿ. ಗಾಡಿ ರಸ್ತೆಗೆ ಸುರಕ್ಷಿತವೇ ಎಂದು ಅಲ್ಲಿ ನೋಡುತ್ತಾರೆಯೇ ಹೊರತು ಎಂಜಿನ್ ಬಿಚ್ಚಿ ಬೇರಿಂಗ್ ನೋಡುವುದಿಲ್ಲ.

ಊರಿಗೆ ತರುವ ಯೋಚನೆ ಬಿಡಿ. ಭಾರತಕ್ಕೆ ತರುವ ಸೆಕೆಂಡ್ ಹ್ಯಾಂಡ್ ಕಾರು ತಯಾರಾಗಿ ಮೂರು ವರ್ಷಕ್ಕಿಂತ ಹಳತಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ನಿಮ್ಮ ಎಂ3 ವಯಸ್ಸಿನ ಲೆಕ್ಕದಲ್ಲೇ ಹೊರಗುಳಿಯುತ್ತದೆ. ಮರಳುವ ವರ್ಷ ಗೊತ್ತಿದ್ದರೆ ಅದರ ಹಿಂದಿನ ವಸಂತದಲ್ಲೇ ಮಾರಾಟಕ್ಕಿಡಿ. ಇಂಥ ಕಾರುಗಳಿಗೆ ಗಿರಾಕಿ ಬರುವುದು ಬಿಸಿಲು ಶುರುವಾದಾಗಲೇ.