ಐದನೆಯ ಹ್ಯಾರಿ ಪಾಟರ್ ಅರ್ಧಕ್ಕೆ ನಿಂತಿದೆ, ಮಗಳಿಗೆ ಓದಿಸಲಾ ಬೇಡವಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಿಮ್ಮ ಮಗಳಿಗೆ 11 ವರ್ಷ. ಹ್ಯಾರಿ ಪಾಟರ್ ಸರಣಿಯ ಮೊದಲ ನಾಲ್ಕು ಪುಸ್ತಕಗಳನ್ನು ಒಂದೇ ಬೇಸಿಗೆ ರಜೆಯಲ್ಲಿ ಮುಗಿಸಿದ್ದಾಳೆ. ಐದನೆಯದು, ‘ಆರ್ಡರ್ ಆಫ್ ದ ಫೀನಿಕ್ಸ್’, ಹತ್ತನೇ ಅಧ್ಯಾಯದಲ್ಲಿ ನಿಂತಿದೆ. "ಹ್ಯಾರಿ ಯಾವಾಗ್ಲೂ ಕಿರುಚ್ತಾನೆ, ಬೋರು" ಅಂತಾಳೆ. ನಿಮಗೆ ಗೊತ್ತಿರುವವರಲ್ಲಿ ಕೆಲವರು ಇದೇ ಎಲ್ಲಕ್ಕಿಂತ ಒಳ್ಳೆಯದು ಅಂತಾರೆ, ಕೆಲವರು ಇದೇ ಕೆಟ್ಟದ್ದು ಅಂತಾರೆ. ಮಕ್ಕಳಿಗೆ ಇಷ್ಟು ಕತ್ತಲು ಬೇಕಾ, ಇದನ್ನು ಬಿಟ್ಟು ಆರನೆಯದಕ್ಕೆ ಹೋಗಬಹುದಾ ಅಂತ ಕೇಳಿದ್ದೀರಿ.

ಬಿಟ್ಟು ಹೋಗಬೇಡಿ. ಆದರೆ ಈಗಲೇ ಮುಗಿಸು ಅಂತ ಒತ್ತಾಯವನ್ನೂ ಮಾಡಬೇಡಿ. ಮುಂದೆ ಕಥೆಯಲ್ಲಿ ಯಾರು ಸಾಯುತ್ತಾರೆ ಅಂತ ನಾನು ಹೇಳಲೇಬೇಕಾಗುತ್ತದೆ. ಹಾಗಾಗಿ ಇದನ್ನು ನೀವು ಮಾತ್ರ ಓದಿ, ಮಗಳಿಗೆ ತೋರಿಸಬೇಡಿ.

ನಾನು ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಊರು ಉಡುಪಿ ಹತ್ತಿರ. ಈ ಪುಸ್ತಕ 2003ರ ಜೂನ್ 21ರಂದು ಬಂತು. ಹಿಂದಿನದು ಬಂದದ್ದು 2000ದ ಜುಲೈಯಲ್ಲಿ. ಓದುಗರು ಸುಮಾರು ಮೂರು ವರ್ಷ ಕಾದಿದ್ದರು. ಅಮೆರಿಕ ಒಂದರಲ್ಲೇ ಮೊದಲ ದಿನ 50 ಲಕ್ಷ ಪ್ರತಿ ಖರ್ಚಾಯಿತು. ನಾನು ಆಗ ಹತ್ತನೇ ಕ್ಲಾಸು. ನಮ್ಮ ಕ್ಲಾಸಿಗೆಲ್ಲ ಇದ್ದದ್ದು ಒಂದೇ ಪ್ರತಿ, ಒಬ್ಬಳ ಅಣ್ಣ ಬೆಂಗಳೂರಿನಿಂದ ತಂದದ್ದು. ಅದು ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬರುವಾಗ ಜೋರು ಮಳೆಯ ಆಟಿ ತಿಂಗಳು. ಪುಟಗಳು ಮಳೆಯ ತೇವಕ್ಕೆ ಉಬ್ಬಿ, ಪುಸ್ತಕ ಇನ್ನೂ ದಪ್ಪ ಕಾಣುತ್ತಿತ್ತು. ಕರೆಂಟ್ ಹೋದರೆ ಜಗಲಿಯ ಬೆಳಕಿನಲ್ಲಿ ಓದು.

ಹ್ಯಾರಿಗೂ ಆ ಪುಸ್ತಕದಲ್ಲಿ 15 ವರ್ಷ, ನನಗೂ 15. ಅವನಿಗೆ ಓ.ಡಬ್ಲ್ಯೂ.ಎಲ್. ಪರೀಕ್ಷೆ, ನಮಗೆ ಎಸ್ಸೆಸ್ಸೆಲ್ಸಿ. ಮೇಷ್ಟ್ರುಗಳೆಲ್ಲ ವರ್ಷವಿಡೀ "ಈ ವರ್ಷ, ಈ ವರ್ಷ" ಅಂತ ಹೆದರಿಸುವುದೂ ಒಂದೇ. ಹಾಗಾಗಿ ಅವನ ಸಿಟ್ಟು ನನಗೆ ಬೋರು ಅನಿಸಲೇ ಇಲ್ಲ. ನಾಲ್ಕನೇ ಅಧ್ಯಾಯದಲ್ಲಿ ಗೆಳೆಯರಾದ ರಾನ್ ಮತ್ತು ಹರ್ಮೈನಿ ಮೇಲೆ ಅವನು ದೊಡ್ಡಕ್ಷರಗಳಲ್ಲಿ ಕಿರುಚುವಾಗ ನಾನು ಅವನ ಪಕ್ಷ. ಕಣ್ಣೆದುರಿಗೇ ಗೆಳೆಯನೊಬ್ಬ ಸತ್ತಿದ್ದಾನೆ, ಒಂದು ಬೇಸಿಗೆ ಪೂರ್ತಿ ಯಾರೂ ಏನೂ ಹೇಳಲಿಲ್ಲ, ಪೇಪರಿನವರು ಅವನನ್ನೇ ಸುಳ್ಳುಗಾರ ಅಂತ ಬರೆಯುತ್ತಾರೆ. ಕಿರುಚದೆ ಏನು ಮಾಡಬೇಕು ಅವನು?

ಆದರೆ 11 ವರ್ಷದ ಮಗುವಿಗೆ ಅದು ಹಾಗೆ ಕಾಣುವುದಿಲ್ಲ. ಇದನ್ನು ನಾನು ಲೈಬ್ರರಿಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಆರನೇ ಕ್ಲಾಸಿನ ಮಕ್ಕಳು ಇದನ್ನು ತೆಗೆದುಕೊಂಡು ಹೋಗಿ ಮೂರು ದಿನಕ್ಕೆ ವಾಪಸ್ ತರುತ್ತಾರೆ. ಅದೇ ಮಕ್ಕಳು ಒಂಬತ್ತನೇ ಕ್ಲಾಸಿನಲ್ಲಿ ಬಂದು ಅದನ್ನೇ ಕೇಳುತ್ತಾರೆ. ಪುಸ್ತಕ ಅದೇ, ಅಲ್ವಾ. ಮೊದಲ ನಾಲ್ಕರಲ್ಲಿ ಹ್ಯಾರಿ ಮಕ್ಕಳಿಗೆ ಅಣ್ಣನ ಹಾಗೆ. ಐದನೆಯದರಲ್ಲಿ ಅವನು ಇದ್ದಕ್ಕಿದ್ದಂತೆ ರೂಮಿನ ಬಾಗಿಲು ಹಾಕಿಕೊಳ್ಳುವ ಅಣ್ಣ. ನಿಮ್ಮ ಮಗಳ ಬೇಸರ ಆ ಬಾಗಿಲಿನ ಹೊರಗೆ ನಿಂತ ತಂಗಿಯದ್ದು. ಅದು ಓದು ಬಾರದ್ದರಿಂದ ಬಂದ ಬೇಸರ ಅಲ್ಲ.

ಉದ್ದದ ವಿಷಯ. ಮೊದಲ ಪುಸ್ತಕ ಬ್ರಿಟಿಷ್ ಆವೃತ್ತಿಯಲ್ಲಿ 223 ಪುಟ, ಇದು 766. ಏಳರಲ್ಲೂ ಇದೇ ಉದ್ದ. ಇಷ್ಟು ಬೇಕಿತ್ತಾ ಅಂದರೆ, ಬೇಕಿರಲಿಲ್ಲ. ಹ್ಯಾರಿ ಮತ್ತು ಗೆಳೆಯರು ಒಂದು ಹಳೇ ಮನೆ ಗುಡಿಸಿ ಒರೆಸುವುದು ಮುಗಿಯುವುದೇ ಇಲ್ಲ. ಶಾಲೆಯ ಕಾಡು ನೋಡಿಕೊಳ್ಳುವ ಹ್ಯಾಗ್ರಿಡ್‌ನ ದೈತ್ಯ ತಮ್ಮನ ಭಾಗ ತೆಗೆದರೂ ನನಗೆ ನಷ್ಟವಿಲ್ಲ. ಕೊನೆಯಲ್ಲಿ ಶಾಲೆಯ ಹೆಡ್‌ಮಾಸ್ಟರ್ ಡಂಬಲ್‌ಡೋರ್ ಕೂತು ಎಲ್ಲವನ್ನೂ ವಿವರಿಸುವುದು ಜಾಸ್ತಿಯೇ ಆಯಿತು. ಲೇಖಕಿ ಜೆ.ಕೆ. ರೌಲಿಂಗ್ ಅವರೇ ಮುಂದೆ ಒಂದು ಸಂದರ್ಶನದಲ್ಲಿ, ಇದು ಇನ್ನೂ ಚಿಕ್ಕದಾಗಬಹುದಿತ್ತು, ಕೊನೆಗೆ ಸಮಯವೂ ಶಕ್ತಿಯೂ ಸಾಲಲಿಲ್ಲ ಎಂಬರ್ಥದಲ್ಲಿ ಒಪ್ಪಿಕೊಂಡಿದ್ದಾರೆ. ಹಾಗಾಗಿ ಉದ್ದ ಅಂತ ದೂರುವವರ ಜೊತೆ ನನಗೆ ಜಗಳ ಇಲ್ಲ.

ಆದರೆ ನಮ್ಮ ಕಡೆಯವರಿಗೆ ಉದ್ದದ ಕಥೆ ಹೊಸದೂ ಅಲ್ಲ. ನಾನು ಸಣ್ಣವಳಿರುವಾಗ ಗದ್ದೆಯಲ್ಲಿ ಯಕ್ಷಗಾನ ಬಯಲಾಟ ಅಂದರೆ ಬೆಳಗಿನವರೆಗೆ. ಅಜ್ಜಿಯ ಮಡಿಲಲ್ಲಿ ಅರ್ಧ ನಿದ್ದೆ. ರಾಕ್ಷಸ ಪಾತ್ರದ ಬಣ್ಣದ ವೇಷ ಬರುವಾಗ "ಏಳು ಏಳು" ಅಂತ ಎಬ್ಬಿಸುತ್ತಿದ್ದರು. ನಡುವೆ ಏನು ತಪ್ಪಿತು ಅಂತ ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ಈಗ ಹೆಚ್ಚಿನ ಆಟಗಳು ಕಾಲಮಿತಿಯಾಗಿವೆ, ಚುರುಕಾಗಿ ಮುಗಿಯುತ್ತವೆ, ಅದೂ ಒಳ್ಳೆಯದೇ. ನಿಮ್ಮ ಮಗಳಿಗೂ ಹಾಗೇ ಹೇಳಿ. ಬೋರಾದರೆ ನಾಲ್ಕು ಪುಟ ಹಾರಿಸು, ಪರವಾಗಿಲ್ಲ. ನಾನು ಎಬ್ಬಿಸುತ್ತೇನೆ ಅನ್ನಿ.

ಎಬ್ಬಿಸಬೇಕಾದ ಮೊದಲ ಜಾಗ ಅವಳು ನಿಂತಿರುವಲ್ಲಿಂದ ತುಂಬಾ ದೂರ ಇಲ್ಲ. ಹನ್ನೆರಡನೇ ಅಧ್ಯಾಯದಲ್ಲಿ ಅಂಬ್ರಿಜ್ ಟೀಚರಿನ ಮೊದಲ ಕ್ಲಾಸ್ ಇದೆ. ಹದಿಮೂರರಲ್ಲಿ ಆಕೆ ಕೊಡುವ ಶಿಕ್ಷೆ. ಸರಣಿಯ ದೊಡ್ಡ ಖಳ ವೋಲ್ಡೆಮಾರ್ಟ್ ಬಣ್ಣದ ವೇಷದ ಹಾಗೆ, ಅಟ್ಟಹಾಸ ಮಾಡಿಕೊಂಡೇ ಬರುತ್ತಾನೆ. ಅವನು ಕೆಟ್ಟವನು ಅಂತ ಸಣ್ಣ ಮಗುವಿಗೂ ಗೊತ್ತಾಗುತ್ತದೆ. ಅಂಬ್ರಿಜ್ ಬರುವುದು ಗುಲಾಬಿ ಸ್ವೆಟರಿನಲ್ಲಿ, ಸಣ್ಣಗೆ ಕೆಮ್ಮಿ, ಸಿಹಿ ದನಿಯಲ್ಲಿ. ಹ್ಯಾರಿಗೆ ಇಂಪೊಸಿಷನ್ ಬರೆಯಲು ಕೊಡುತ್ತಾಳೆ, ‘ನಾನು ಸುಳ್ಳು ಹೇಳಬಾರದು’ ಅಂತ. ಇಂಕು ಬೇಡ ಅನ್ನುತ್ತಾಳೆ. ಅವನು ಬರೆದದ್ದೆಲ್ಲ ಅವನ ಕೈಯ ಚರ್ಮವನ್ನು ಕೊಯ್ದು ಅಲ್ಲೇ ಮೂಡುತ್ತದೆ, ಕಾಗದದ ಮೇಲಿನ ಇಂಕು ಅವನದೇ ರಕ್ತ. ಅವನು ಹೇಳಿದ್ದು ನಿಜ ಅನ್ನುವುದೇ ಅವನ ತಪ್ಪು.

ನಮಗೂ ಒಬ್ಬರು ಟೀಚರ್ ಇದ್ದರು. ಹೆಸರು, ಶಾಲೆ ಬೇಡ. ಒಂದು ದಿನವೂ ಬೆತ್ತ ಎತ್ತಿದವರಲ್ಲ. ನಗುತ್ತಾ ನಗುತ್ತಾ ಫೀಸು ಕಟ್ಟದವರನ್ನು ಎಲ್ಲರೆದುರು ನಿಲ್ಲಿಸುತ್ತಿದ್ದರು. ಮನೆಯಲ್ಲಿ ಹೇಳಿದರೆ "ಅವರು ಎಷ್ಟು ಮೆತ್ತಗೆ ಮಾತಾಡುತ್ತಾರೆ, ನೀನೇ ಏನೋ ಮಾಡಿರಬೇಕು" ಅನ್ನುತ್ತಿದ್ದರು. ಅಂಬ್ರಿಜ್ ಓದುವಾಗ ನನಗೆ ಮೊದಲ ಸಲ ತಿಳಿದದ್ದು, ಅಂಥವರು ಬೇರೆ ಕಡೆಯೂ ಇದ್ದಾರೆ, ಅದನ್ನು ಒಬ್ಬರು ನೋಡಿದ್ದಾರೆ, ಬರೆದಿದ್ದಾರೆ. ಸ್ಟೀಫನ್ ಕಿಂಗ್ ಈ ಪುಸ್ತಕದ ವಿಮರ್ಶೆಯಲ್ಲಿ ಅಂಬ್ರಿಜ್ ಪಾತ್ರವನ್ನು ತುಂಬಾ ಹೊಗಳಿದ್ದಾರೆ. ಹೆದರಿಸುವುದೇ ಕಸುಬಾದ ಲೇಖಕ, ಅವರ ಮಾತಿಗೆ ತೂಕ ಇದೆ. ನಮ್ಮ ಲೈಬ್ರರಿಯ ಮಕ್ಕಳೂ ವೋಲ್ಡೆಮಾರ್ಟ್‌ಗಿಂತ ಆಕೆಯನ್ನೇ ಜಾಸ್ತಿ ದ್ವೇಷಿಸುತ್ತಾರೆ.

ಅದೇ ಸಮಯದಲ್ಲಿ ಎ.ಎಸ್. ಬಯಟ್ ಎಂಬ ಇಂಗ್ಲಿಷ್ ಕಾದಂಬರಿಕಾರ್ತಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಇಡೀ ಸರಣಿಯನ್ನೇ ಟೀಕಿಸಿ ಬರೆದರು. ದೊಡ್ಡವರು ಇದನ್ನು ಓದುವುದು ಬಾಲ್ಯಕ್ಕೆ ಜಾರಿ ಹೋಗುವ ಸುಖಕ್ಕೆ, ಈ ಮಾಯಾಲೋಕದಲ್ಲಿ ನಿಜವಾದ ಬೆರಗು ಇಲ್ಲ ಎನ್ನುವುದು ಅವರ ವಾದ. ಬಯಟ್ ದೊಡ್ಡ ಲೇಖಕಿ. ಮೊದಲ ಎರಡು ಪುಸ್ತಕಗಳ ಬಗ್ಗೆ ಆ ಮಾತು ಸ್ವಲ್ಪ ಒಪ್ಪಬಹುದು. ಐದನೆಯದಕ್ಕೆ ಒಪ್ಪಲಾರೆ. ಇದರಲ್ಲಿ ಸುಖ ಎಲ್ಲಿದೆ? ಓದುಗರು ಸಿಟ್ಟಾದದ್ದೇ ಆ ಸುಖ ಕಿತ್ತುಕೊಂಡದ್ದಕ್ಕೆ. ಬೆಚ್ಚಗಿದ್ದ ಶಾಲೆ ಜೈಲಾಗುತ್ತದೆ. ಡಂಬಲ್‌ಡೋರ್ ಹ್ಯಾರಿಯ ಮುಖವನ್ನೇ ನೋಡುವುದಿಲ್ಲ. ಹ್ಯಾರಿಯ ಸತ್ತ ಅಪ್ಪ, ಅಲ್ಲಿಯವರೆಗೆ ದೇವರ ಹಾಗೆ ಇದ್ದವನು, ಶಾಲೆಯ ದಿನಗಳಲ್ಲಿ ಒಬ್ಬ ಒಂಟಿ ಹುಡುಗನನ್ನು ಎಲ್ಲರೆದುರು ಹಿಂಸಿಸಿದ್ದು ಗೊತ್ತಾಗುತ್ತದೆ.

ಇನ್ನು ಸಾವು. 35ನೇ ಅಧ್ಯಾಯದಲ್ಲಿ ಸಿರಿಯಸ್ ಸಾಯುತ್ತಾನೆ. ಅವನು ಹ್ಯಾರಿಯ ಗಾಡ್‌ಫಾದರ್. ನಮ್ಮ ಕ್ಲಾಸಿನಲ್ಲಿ ಆ ಪದ ನಿಜವಾಗಿ ಗೊತ್ತಿದ್ದದ್ದು ಕ್ರಿಶ್ಚಿಯನ್ ಗೆಳತಿಯರಿಗೆ ಮಾತ್ರ, ಅವರಿಗೆ ಅಂಥವರು ಇದ್ದರು. ಉಳಿದವರೆಲ್ಲ ಅದನ್ನು ಸೋದರಮಾವ ಅಂತಲೇ ಓದಿಕೊಂಡೆವು. ಆಸ್ತಿ ಮಾವನಿಂದ ಅಳಿಯನಿಗೆ ಹೋಗುವ ಅಳಿಯಕಟ್ಟಿನ ಊರು ನಮ್ಮದು, ಮಾವ ಅಂದರೆ ಏನು ಅಂತ ಯಾರೂ ವಿವರಿಸಬೇಕಿರಲಿಲ್ಲ. 15ರಲ್ಲಿ ನಾನು ಆ ಪುಟಕ್ಕೆ ಬಂದು ಪುಸ್ತಕ ಮುಚ್ಚಿಟ್ಟೆ. ಉಳಿದ ಮೂರು ಅಧ್ಯಾಯ ಒಂದು ವಾರ ಮುಟ್ಟಲಿಲ್ಲ. ಸುಮ್ನೆ ಸಾಯಿಸಿದ್ದಾರೆ, ಕಥೆಗೆ ಬೇಕೇ ಇರಲಿಲ್ಲ ಅಂತ ಎಲ್ಲರ ಹತ್ತಿರ ವಾದ ಮಾಡಿದೆ. ಒಂದು ಮಾತು, ಒಂದು ವಿದಾಯ ಇಲ್ಲ. ಒಂದು ಪರದೆಯ ಹಿಂದೆ ಬಿದ್ದ, ಹೋದ.

ನನ್ನ ಮಾವ ಮುಂಬೈಯಲ್ಲಿ ಹೋಟೆಲಿನಲ್ಲಿದ್ದರು. ನನಗೆ 20 ಆಗಿದ್ದಾಗ ಒಂದು ದಿನ ಬೆಳಿಗ್ಗೆ ಫೋನ್ ಬಂತು. ಹೃದಯಾಘಾತ. ಅವರಿಗೂ ವಿದಾಯ ಹೇಳಲು ಆಗಲಿಲ್ಲ. ಅದಾಗಿ ಕೆಲವು ತಿಂಗಳಿಗೆ ಈ ಪುಸ್ತಕ ಮತ್ತೆ ತೆಗೆದೆ, ಅವತ್ತು ಮುಟ್ಟದೆ ಇಟ್ಟಿದ್ದ ಆ ಮೂರು ಅಧ್ಯಾಯಗಳಿಗೋಸ್ಕರ. ಹ್ಯಾರಿ ಡಂಬಲ್‌ಡೋರ್ ರೂಮಿನ ಸಾಮಾನೆಲ್ಲ ಒಡೆದು ಹಾಕುತ್ತಾನೆ. ಆಮೇಲೆ ಪೆಟ್ಟಿಗೆ ಜಾಲಾಡಿ, ಸಿರಿಯಸ್ ಕೊಟ್ಟಿದ್ದ ಕನ್ನಡಿ ಹುಡುಕಿ ತೆಗೆಯುತ್ತಾನೆ. ಅದರಲ್ಲಿ ಒಬ್ಬರಿಗೊಬ್ಬರು ಮಾತಾಡಬಹುದಿತ್ತು, ಅವನು ಅದನ್ನು ಬಿಚ್ಚಿಯೇ ನೋಡಿರಲಿಲ್ಲ. ಈಗ ಅದರೊಳಗೆ ಸಿರಿಯಸ್‌ನನ್ನು ಕರೆಯುತ್ತಾನೆ. ಯಾರೂ ಬರುವುದಿಲ್ಲ. ನನ್ನ ಮೊಬೈಲಿನಲ್ಲಿ ಮಾವನ ನಂಬರ್ ಇನ್ನೂ ಇತ್ತು. ನಾನೂ ಒಂದು ರಾತ್ರಿ ಕರೆ ಮಾಡಿದ್ದೆ. ಸ್ವಿಚ್ ಆಫ್ ಅಂತ ಬಂತು. ಅದನ್ನು ಅಮ್ಮನಿಗೂ ಹೇಳಿರಲಿಲ್ಲ. ಆ ಪುಟ ಓದಿ ಅವತ್ತು ಹೇಳಿದೆ.

ಹಾಗಾಗಿ ಈ ಪುಸ್ತಕ ಕೆಟ್ಟದ್ದು ಅನ್ನುವವರ ಮಾತೂ ನನಗೆ ಗೊತ್ತು, ಒಳ್ಳೆಯದು ಅನ್ನುವವರ ಮಾತೂ ಗೊತ್ತು. ನಾನು ಎರಡೂ ಆಗಿದ್ದೆ, ಐದು ವರ್ಷದ ಅಂತರದಲ್ಲಿ.

ಮಕ್ಕಳಿಗೆ ಇಷ್ಟು ಕತ್ತಲು ಬೇಕಾ ಅಂತ ಕೇಳಿದಿರಿ. ನೋಡಿ ಮಾರಾಯ್ರೆ, ನಮ್ಮ ಮಕ್ಕಳು ಅಭಿಮನ್ಯು ಕಾಳಗ ನೋಡಿಯೇ ದೊಡ್ಡವರಾದದ್ದು. ಅವನೂ ಹುಡುಗನೇ. ಒಳಗೆ ಹೋಗುವ ದಾರಿ ಗೊತ್ತು, ಹೊರಗೆ ಬರುವ ದಾರಿ ಗೊತ್ತಿಲ್ಲ. ದೊಡ್ಡವರೆಲ್ಲ ಸೇರಿ ಅವನನ್ನು ಕೊಲ್ಲುತ್ತಾರೆ. ಅದನ್ನು ಮಕ್ಕಳಿಂದ ಯಾರೂ ಮುಚ್ಚಿಡಲಿಲ್ಲ. ಆದರೆ ಒಂದು ವ್ಯತ್ಯಾಸ ಇತ್ತು. ಆಗ ಪಕ್ಕದಲ್ಲಿ ಅಜ್ಜಿ ಇರುತ್ತಿದ್ದರು, ಅವರೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಪುಸ್ತಕವನ್ನು ಮಗು ಒಂಟಿಯಾಗಿ ಓದುತ್ತದೆ. ನನ್ನ ಚಿಂತೆ ಅದೊಂದೇ. ನೀವೂ ಒಂದು ಪ್ರತಿ ಓದಿ, ಅವಳಿಗಿಂತ ಎರಡು ಅಧ್ಯಾಯ ಮುಂದೆ ಇರಿ. 35 ಬರುವ ದಿನ ಮನೆಯಲ್ಲಿರಿ. "ಅದು ಬರೀ ಕಥೆ" ಅಂತ ಮಾತ್ರ ಹೇಳಬೇಡಿ.

ಸಿನಿಮಾ ತೋರಿಸಿ ಮುಗಿಸೋಣ ಅನಿಸಬಹುದು. 2007ರ ಸಿನಿಮಾ 2 ಗಂಟೆ 18 ನಿಮಿಷ, ಚೆನ್ನಾಗಿಯೇ ಇದೆ. ಆದರೆ ಆಸ್ಪತ್ರೆಯ ಭಾಗ ಅದರಲ್ಲಿ ಇಲ್ಲ. ನೆವಿಲ್ ಅಂತ ಒಬ್ಬ ಪೆದ್ದ ಹುಡುಗ, ನಾಲ್ಕು ಪುಸ್ತಕ ನಾವು ಅವನನ್ನು ನೋಡಿ ನಕ್ಕಿದ್ದೇವೆ. ಅವನ ಅಪ್ಪ ಅಮ್ಮ ಶತ್ರುಗಳ ಚಿತ್ರಹಿಂಸೆಗೆ ಬುದ್ಧಿ ಕಳೆದುಕೊಂಡು ಆಸ್ಪತ್ರೆಯಲ್ಲಿದ್ದಾರೆ ಅಂತ ಅಲ್ಲಿ ಅವನ ಗೆಳೆಯರ ಕಣ್ಣಿಗೆ ಬೀಳುತ್ತದೆ. ಮಗನ ಗುರುತು ಸಿಗದ ಅಮ್ಮ ಮೆಲ್ಲಗೆ ಬಂದು ಅವನ ಕೈಗೆ ಒಂದು ಚೂಯಿಂಗ್ ಗಮ್ಮಿನ ಖಾಲಿ ಕಾಗದ ಇಡುತ್ತಾಳೆ. ಬಿಸಾಡು ಅಂತ ಅವನ ಅಜ್ಜಿ ಹೇಳುತ್ತಾರೆ. ಅವನು ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ. ಚುರುಕಾದ ಪುಸ್ತಕವಾಗಿದ್ದರೆ ಮೊದಲು ಕತ್ತರಿ ಬೀಳುತ್ತಿದ್ದದ್ದು ಇದಕ್ಕೇ. 766 ಪುಟವನ್ನು ನಾನು ಕ್ಷಮಿಸುವುದು ಈ ಒಂದು ಪುಟಕ್ಕೆ.

ಕೊನೆಗೆ ಒಂದು ಉಪಾಯ. ನಮ್ಮ ಲೈಬ್ರರಿಯ ಪ್ರತಿ ಭಾರಕ್ಕೆ ಬೆನ್ನು ಮುರಿದು ಎರಡಾಗಿತ್ತು. ರಥಬೀದಿಯ ಹತ್ತಿರ ಬೈಂಡಿಂಗ್ ಮಾಡುವವರಲ್ಲಿ ಕೊಟ್ಟೆ. ಒಟ್ಟು 38 ಅಧ್ಯಾಯ. ಅವರು 19ನೆಯದರ ಕೊನೆಗೆ ಬಿಡಿಸಿ ಎರಡು ಪುಸ್ತಕ ಮಾಡಿಕೊಟ್ಟರು. 19ನೇ ಅಧ್ಯಾಯ ಮುಗಿಯುವುದು ಹೀಗೆ: ಹ್ಯಾರಿ ಆಟದಿಂದಲೂ ಹೊರಗೆ ಬಿದ್ದಿದ್ದಾನೆ, ಎಲ್ಲವೂ ಹಾಳಾಗಿದೆ, ಅಷ್ಟರಲ್ಲಿ ಹರ್ಮೈನಿ ಕಿಟಕಿಯಿಂದ ನೋಡಿ ಹ್ಯಾಗ್ರಿಡ್ ವಾಪಸ್ ಬಂದ ಸುದ್ದಿ ಹೇಳುತ್ತಾಳೆ. ನಿಮ್ಮ ಪ್ರತಿ ಹಳೆಯದಾಗಿದ್ದರೆ ನೀವೂ ಹಾಗೆ ಮಾಡಿಸಿ, ಇಲ್ಲದಿದ್ದರೆ ಅಲ್ಲೊಂದು ಕಾಗದ ಇಟ್ಟು ಅಲ್ಲಿಯವರೆಗೆ ಮಾತ್ರ ಓದು ಅನ್ನಿ. ಹಿಂದೆ ಈ ಪುಸ್ತಕವನ್ನು ಮೂರು ದಿನಕ್ಕೆ ವಾಪಸ್ ತಂದಿದ್ದ ಒಬ್ಬಳು ಈ ಜುಲೈಯಲ್ಲಿ ಮೊದಲ ಭಾಗ ತೆಗೆದುಕೊಂಡು ಹೋದಳು. ಮುಂದಿನ ಸೋಮವಾರ ಜೋರು ಮಳೆ, ಬೆಲ್ ಹೊಡೆಯುವ ಮೊದಲೇ ಒದ್ದೆ ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಮಿಸ್, ಹ್ಯಾಗ್ರಿಡ್ ಬಂದ. ಎರಡನೇದು ಕೊಡಿ."