ಮೂರೂವರೆ ವರ್ಷದ ಮಾಣಿಗೆ ಎಡಿಎಚ್‌ಡಿ ಅಂತೆ, ಹೌದಾ ಡಾಕ್ಟ್ರೇ?

ಪ್ರಶ್ನೆ: ನಮ್ಮ ಮಾಣಿ ಒಂದು ಕಡೆ ಕೂರುವುದಿಲ್ಲ. ಊಟಕ್ಕೆ ಮೊಬೈಲ್ ಬೇಕೇ ಬೇಕು, ಕರೆದರೆ ತಿರುಗಿಯೂ ನೋಡುವುದಿಲ್ಲ. ಜೂನ್‌ನಲ್ಲಿ ನರ್ಸರಿಗೆ ಹಾಕಿದೆವು. ಎರಡೇ ತಿಂಗಳಿಗೆ ಟೀಚರ್ 'ಎಡಿಎಚ್‌ಡಿ ಇರಬಹುದು, ಮಾತ್ರೆ ಬೇಕಾಗಬಹುದು' ಅಂದರು. ಅತ್ತೆ 'ಇವನ ಅಪ್ಪನೂ ಹೀಗೇ ಇದ್ದ' ಎಂದು ನಗುತ್ತಾರೆ. ನನಗೆ ಮಾತ್ರ ನಿದ್ದೆ ಇಲ್ಲ.
– ಹೆಸರು ಬೇಡ, ಶಿರಸಿ

ಉತ್ತರ: ಎಡಿಎಚ್‌ಡಿ ಅಂದರೆ ಗಮನ ಒಂದೆಡೆ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ. ಆದರೆ ಮೂರೂವರೆ ವರ್ಷದ ಮಗು ಕೂರದೇ ಇರುವುದು ಕಾಯಿಲೆಯಲ್ಲ. ಗಂಟೆಗಟ್ಟಲೆ ಸುಮ್ನೆ ಕೂತರೇ ನಾನು ಹಣೆ ಮುಟ್ಟಿ ಜ್ವರ ನೋಡುತ್ತೇನೆ.

ನಿಮ್ಮ ಪತ್ರದಲ್ಲಿ ನನಗೆ ಯೋಚನೆ ಹತ್ತಿಸಿದ್ದು ಅವನ ಓಡಾಟ ಅಲ್ಲ, 'ಕರೆದರೆ ತಿರುಗಿಯೂ ನೋಡುವುದಿಲ್ಲ' ಅನ್ನುವ ಮಾತು. ಮೊಬೈಲ್ ಹಿಡಿದಾಗ ಮಾತ್ರವಾ, ಅಂಗಳದಲ್ಲಿ ಆಡುವಾಗಲೂ ಹೀಗೇನಾ? ಬೆನ್ನ ಹಿಂದೆ ನಿಂತು ಮೆತ್ತಗೆ ಕರೆದು ನೋಡಿ. ನಿಮ್ಮ ಕಡೆಯ ಮಳೆಗಾಲದಲ್ಲಿ ನೆಗಡಿ ಬಿಡದೆ ಹಿಡಿದು, ಕಿವಿಯೊಳಗೆ ನೀರು ಕಟ್ಟಿಕೊಂಡ ಮಕ್ಕಳಿಗೆ ಅರೆಬರೆ ಕೇಳಿಸುತ್ತದೆ, ಮನೆಯವರು ಹಟ ಅಂದುಕೊಳ್ಳುತ್ತಾರೆ. ಮೊದಲು ಕಿವಿ ಪರೀಕ್ಷೆ ಆಗಲಿ. ವಯಸ್ಸಿಗೆ ತಕ್ಕ ಮಾತು ಬಂದಿದೆಯಾ, ಮುಖ ನೋಡಿ ನಗುತ್ತಾನಾ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನಾ ಅನ್ನುವುದನ್ನೂ ಮಕ್ಕಳ ಡಾಕ್ಟರಿಗೆ ಹೇಳಿ. ಇವು ಇಲ್ಲ ಅಂತಾದರೆ ಅದು ಆಟಿಸಂ, ಅಂದರೆ ಬೇರೆಯವರೊಡನೆ ಬೆರೆಯುವುದರಲ್ಲಿ, ಮಾತುಕತೆಯಲ್ಲಿ ಬರುವ ಬೆಳವಣಿಗೆಯ ತೊಂದರೆ ಇರಬಹುದು, ತಡ ಮಾಡಬೇಡಿ. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾನಾ? ನಿದ್ದೆ ಸಾಲದ ಮಗು ನಮ್ಮ ಹಾಗೆ ತೂಕಡಿಸುವುದಿಲ್ಲ, ಇನ್ನೂ ಜಾಸ್ತಿ ಕುಣಿಯುತ್ತದೆ. ಈ ವಯಸ್ಸಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ತಾಸು ಬೇಕು.

ಎಡಿಎಚ್‌ಡಿ ರಕ್ತಪರೀಕ್ಷೆಯಲ್ಲೋ ಸ್ಕ್ಯಾನ್‌ನಲ್ಲೋ ಸಿಗುವಂಥದ್ದಲ್ಲ. ಲಕ್ಷಣಗಳು ಕನಿಷ್ಠ 6 ತಿಂಗಳು, ಮನೆಯಲ್ಲೂ ಶಾಲೆಯಲ್ಲೂ, ಓರಗೆಯ ಮಕ್ಕಳಿಗಿಂತ ಎದ್ದು ಕಾಣುವಷ್ಟು ಇರಬೇಕು. ಟೀಚರ್ ಕಂಡಿದ್ದು ಎರಡು ತಿಂಗಳು, ಅದೂ ಅಮ್ಮನನ್ನು ಬಿಟ್ಟು ಬಂದ ಹೊಸತರಲ್ಲಿ. ಕ್ಲಾಸಿನಲ್ಲಿ ಇವನೇ ಚಿಕ್ಕವನಾ ಅಂತಲೂ ಕೇಳಿ. ಎಷ್ಟೋ ದೇಶಗಳಲ್ಲಿ ಕ್ಲಾಸಿನ ಅತಿ ಚಿಕ್ಕ ಮಕ್ಕಳಿಗೇ ಈ ಹಣೆಪಟ್ಟಿ ಜಾಸ್ತಿ ಬೀಳುವುದು ಕಂಡಿದೆ, ಎಂಟು ಹತ್ತು ತಿಂಗಳ ಅಂತರ ಈ ವಯಸ್ಸಲ್ಲಿ ಸಣ್ಣದಲ್ಲ ಅಲ್ವಾ? ಅಂದಹಾಗೆ ಅತ್ತೆಯ ಮಾತನ್ನು ತಳ್ಳಿಹಾಕಬೇಡಿ, ಎಡಿಎಚ್‌ಡಿ ವಂಶದಲ್ಲಿ ಹರಿದು ಬರುವುದುಂಟು. ನಿಮ್ಮ ಯಜಮಾನರು ಶಾಲೆಯಲ್ಲಿ ಹೇಗಿದ್ದರು ಎಂದು ಅತ್ತೆಯನ್ನೇ ವಿಚಾರಿಸಿ, ಡಾಕ್ಟರೂ ಇದನ್ನೇ ಕೇಳುತ್ತಾರೆ.

ಮಾತ್ರೆಯ ಮಾತು ಈಗ ಬೇಡ. ಅಮೆರಿಕದ ಮಕ್ಕಳ ವೈದ್ಯರ 2019ರ ಮಾರ್ಗಸೂಚಿ ಶುರುವಾಗುವುದೇ 4 ವರ್ಷದಿಂದ, ಅಲ್ಲೂ ಪುಟ್ಟ ಮಕ್ಕಳಿಗೆ ಮೊದಲ ಚಿಕಿತ್ಸೆ ಅಪ್ಪ ಅಮ್ಮನಿಗೆ ತರಬೇತಿ. ಹೌದು, ತರಬೇತಿ ನಿಮಗೆ! ಅಡುಗೆಮನೆಯಿಂದ ಕೂಗಬೇಡಿ, ಹತ್ತಿರ ಹೋಗಿ ಮುಖ ನೋಡಿ ಒಂದೇ ಕೆಲಸ ಹೇಳಿ, ಮಾಡಿದ ಕೂಡಲೇ ಹೊಗಳಿ. ಊಟದ ಮೊಬೈಲ್ ತೆಗೆದರೆ ನಾಲ್ಕು ದಿನ ರಂಪ ಮಾಡುತ್ತಾನೆ, ಮಾಡಲಿ.

ನಾಲ್ಕು ತುಂಬಿದ ಮೇಲೂ ಹೀಗೇ ಇದ್ದರೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಒಮ್ಮೆ ತೋರಿಸಿ. ನಿಮಗೇ ನಿದ್ದೆ ಇಲ್ಲ ಅಂದಿರಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.